ಪಾಯ ತೋಡುವುದು ಬೇಸಿಗೆಯಲ್ಲಿ, ಮನೆ ನಿಲ್ಲಬೇಕಾದದ್ದು ಪುಷ್ಯ ಮಳೆಯಲ್ಲಿ

(ಹಾಸನದಲ್ಲಿ ಮನೆ ಕಟ್ಟಿಸುವವರು, ಮೇಸ್ತ್ರಿಗಳು, ಸಿವಿಲ್ ಓದುವ ಹುಡುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆ ಕಟ್ಟಿಸಲು ಹೊರಟವರು ಎಂಜಿನಿಯರ್ ಹತ್ತಿರ ಬಂದರೆ ಮೊದಲು ಕೇಳುವುದು ಅಡುಗೆಮನೆ ಯಾವ ಮೂಲೆಗೆ ಬರಬೇಕು ಅಂತ. ಆಮೇಲೆ ಟೈಲ್ಸು, ಕಿಟಕಿ, ಗೇಟು. ನೆಲದ ಬಗ್ಗೆ ಮಾತು ಬರುವುದೇ ಕಡಿಮೆ. ಬಂದರೂ ಒಂದೇ ಸಾಲು: "ಪಕ್ಕದ ಸೈಟಿನವರು ಐದಡಿ ತೋಡಿದ್ದಾರೆ ಸಾರ್, ನಮಗೂ ಅಷ್ಟೇ ಸಾಕಲ್ವಾ?"

ಸಾಕಾಗಬಹುದು. ಆಗದೆಯೂ ಇರಬಹುದು. ಪಕ್ಕದವರ ಸೈಟು ಮೊದಲು ರಾಗಿ ಹೊಲವಾಗಿತ್ತು, ನಿಮ್ಮದು ಅದರ ಕೆಳಗಿನ ಗದ್ದೆಯಾಗಿತ್ತು ಅಂದರೆ ನಡುವೆ ಇರುವುದು ಬರೀ ಕಾಂಪೌಂಡ್ ಗೋಡೆಯಲ್ಲ. ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಅರಸೀಕೆರೆಯಲ್ಲಿ ತೆಂಗಿಗೆ ನೀರು ಸಾಲದು ಅನ್ನುವ ಕೊರಗು. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಜುಲೈ ಬಂದರೆ ಹಿತ್ತಲ ಧರೆ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ಏರು, ಯಾವಾಗ ಜಾರುತ್ತದೋ ಅನ್ನುವ ಭಯ. ಚಿಕ್ಕಮಗಳೂರಿನಲ್ಲೂ ಹೀಗೆಯೇ. ಕಡೂರು ಒಂದು ತರಹ, ಮೂಡಿಗೆರೆ, ಕೊಪ್ಪ, ಶೃಂಗೇರಿ ಬೇರೆಯೇ ತರಹ.

ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ನಾವು ಪಾಯ ತೋಡುವುದು ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ. ಆಗ ನೆಲ ಒಣಗಿರುತ್ತದೆ. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಮೇಸ್ತ್ರಿ ಖುಷಿಯಿಂದ "ಗಟ್ಟಿ ನೆಲ ಸಾರ್" ಅನ್ನುತ್ತಾರೆ. ಆದರೆ ಮನೆ ನಿಲ್ಲಬೇಕಾದದ್ದು ಪುನರ್ವಸು, ಪುಷ್ಯ ಮಳೆ ಬಿಡದೆ ಸುರಿದು ನೆನೆದ ನೆಲದ ಮೇಲೆ. ಬೇಸಿಗೆಯ ನೆಲವನ್ನು ಮಾತ್ರ ನೋಡಿ ಮಳೆಗಾಲದ ನೆಲದ ಮೇಲೆ ಮನೆ ಕೂರಿಸುತ್ತೇವೆ. ನಮ್ಮ ಕಡೆಯ ಬಿರುಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರು.

ಒದ್ದೆಯಾದರೆ ಮಣ್ಣು ಯಾಕೆ ಸೋಲುತ್ತದೆ? 1920ರ ದಶಕದಲ್ಲಿ ಕಾರ್ಲ್ ಟರ್ಜಾಗಿ ಎಂಬ ಎಂಜಿನಿಯರ್ ಇದನ್ನು ಲೆಕ್ಕಕ್ಕೆ ತಂದರು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಆ ಒತ್ತೇ ಮಣ್ಣಿನ ಬಲ. ಕಣಗಳ ನಡುವಿನ ಸಂದಿಯಲ್ಲಿ ನೀರು ತುಂಬಿಕೊಂಡರೆ ಮೇಲಿನ ಭಾರದಲ್ಲಿ ಒಂದು ಪಾಲನ್ನು ನೀರೇ ಹೊತ್ತುಕೊಳ್ಳುತ್ತದೆ. ಕೇಳಲು ಒಳ್ಳೆಯದೇ ಅನ್ನಿಸುತ್ತದೆ. ಆದರೆ ಕಣಗಳು ಪರಸ್ಪರ ಒತ್ತುವುದು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಹಿಡಿತ ಸಡಿಲವಾಯಿತು. ಮರಳು ಮಿಶ್ರಿತ ನೆಲದಲ್ಲಿ ನೀರು ಮೇಲ್ಮಟ್ಟದವರೆಗೆ ಏರಿದರೆ ಅದು ತಾಳಬಲ್ಲ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅರ್ಧ ಅಂದರೆ ಸಣ್ಣ ಮಾತಲ್ಲ.

ಈಗ ನಮ್ಮ ಕಾಲ ಕೆಳಗೆ ಏನಿದೆ ನೋಡೋಣ. ಹಾಸನ, ಚನ್ನರಾಯಪಟ್ಟಣದ ಕಡೆ ಬಹುಪಾಲು ನೈಸ್ (gneiss) ಮತ್ತು ಗ್ರಾನೈಟ್ ಜಾತಿಯ ಬಂಡೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಅರೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ. ಹೊಳೆನರಸೀಪುರ, ನುಗ್ಗೇಹಳ್ಳಿ ಕಡೆ ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲಿನ ಪಟ್ಟಿಗಳಿವೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಅಷ್ಟು ನಯವಾಗಿ ಕೆತ್ತಿರುವ ಬಳಪದ ಕಲ್ಲೂ ಅದೇ ಬಳಗದ್ದು. ಕೆತ್ತಲು ಮೆತ್ತಗಿನ ಕಲ್ಲು ಬೇಕು, ಪಾಯಕ್ಕೆ ಅದು ಬೇಡ.

ನೈಸ್ ನೆಲದ ದೊಡ್ಡ ಮೋಸ ಅಂದರೆ ಗುಂಡು. ಈ ಬಂಡೆ ಸಮನಾಗಿ ಕೊಳೆಯುವುದಿಲ್ಲ. ಬಿರುಕುಗಳ ಉದ್ದಕ್ಕೂ ನೀರಿಳಿದು ಅಕ್ಕಪಕ್ಕ ಮಣ್ಣಾಗುತ್ತದೆ, ನಡುವಿನ ಗಟ್ಟಿ ಭಾಗ ದುಂಡಗೆ ಹಾಗೇ ಉಳಿಯುತ್ತದೆ. ಜೆಸಿಬಿಗೆ ಅದು ತಗುಲಿದ ಕೂಡಲೇ "ಬಂಡೆ ಸಿಕ್ತು, ಇನ್ನು ತೋಡೋದು ಬೇಡ" ಅಂತ ಎಲ್ಲರೂ ಸಮಾಧಾನಪಡುತ್ತಾರೆ. ಅದು ಹಾಸುಬಂಡೆಯೋ, ಕಾರಿನಷ್ಟು ದೊಡ್ಡ ಗುಂಡೋ ಯಾರಿಗೂ ಗೊತ್ತಿಲ್ಲ. ಚನ್ನರಾಯಪಟ್ಟಣದ ಕಡೆ ನಾನು ನೋಡಿದ ಒಂದು ಮನೆಯಲ್ಲಿ ಎರಡು ಕಾಲಂ ಇಂಥ ಗುಂಡಿನ ಮೇಲೆ ನಿಂತಿದ್ದವು, ಉಳಿದವು ಮಣ್ಣಿನ ಮೇಲೆ. ಮಣ್ಣಿನ ಮೇಲಿದ್ದವು ಸ್ವಲ್ಪ ಕೂತವು, ಕಲ್ಲಿನ ಮೇಲಿದ್ದವು ಕೂರಲಿಲ್ಲ. ಹಾಲ್‌ನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು ಬಿಟ್ಟಿತ್ತು. ಪೂರಾ ಮನೆ ಒಂದೇ ಸಮ ಒಂದಿಂಚು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದರೆ ಗೋಡೆ ಸೀಳುತ್ತದೆ. ಅದಕ್ಕೇ ದೊಡ್ಡ ಕಟ್ಟಡಗಳಿಗೆ ಬಂಡೆ ಸಿಕ್ಕಿತು ಅಂದ ಮೇಲೂ ಅದರೊಳಗೆ ಸುಮಾರು 3 ಮೀಟರ್ ಕೊರೆದು ನೋಡುತ್ತಾರೆ. ಮೂರು ಮೀಟರೂ ಕಲ್ಲೇ ಬಂದರೆ ಹಾಸುಬಂಡೆ ಅಂತ ನಂಬಬಹುದು.

ಶ್ರವಣಬೆಳಗೊಳದಲ್ಲಿ 981ರಲ್ಲಿ ಗೊಮ್ಮಟನನ್ನು ಕಡೆದವರಿಗೆ ಈ ತಲೆನೋವೇ ಇರಲಿಲ್ಲ. ಬೆಟ್ಟದ ಬಂಡೆಯನ್ನೇ ಕಡೆದು 57 ಅಡಿಯ ಮೂರ್ತಿ ಮಾಡಿದರು. ಪಾಯವೂ ಅದೇ, ಮೂರ್ತಿಯೂ ಅದೇ. 30×40 ಸೈಟಿನವರಿಗೆ ಆ ಭಾಗ್ಯ ಇಲ್ಲ.

ಎರಡನೆಯದು ಎರೆ ಮಣ್ಣು. ಬಯಲುಸೀಮೆಯ ಕಡೆ ಅಲ್ಲಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇಲ್ಲಿ ಮನೆ ಕೂರುವುದಕ್ಕಿಂತ ಏಳುವುದೇ ತೊಂದರೆ. ಅದರಲ್ಲೂ ಭಾರ ಕಡಿಮೆ ಇರುವ ಒಂದಂತಸ್ತಿನ ಮನೆಗಳು, ಕಾಂಪೌಂಡುಗಳು ಮೊದಲು ಬಿರಿಯುತ್ತವೆ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನೆಲದೊಳಗೆ ಆಳಕ್ಕೆ ಇಳಿಸುವ, ತಳದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಅನ್ನು ಬಳಕೆಗೆ ತಂದಿತು. ಮೇಲಿನ ಕೆಲವು ಅಡಿ ಮಣ್ಣು ಏನು ಕುಣಿದರೂ, ಕೆಳಗೆ ತೇವ ಬದಲಾಗದ ಆಳದಲ್ಲಿ ಪೈಲಿನ ಉಬ್ಬು ಸಿಕ್ಕಿಹಾಕಿಕೊಂಡಿರುತ್ತದೆ.

ಮೂರನೆಯದು ಘಟ್ಟದ ಕಡೆಯದು. ಮೇಲೆ ಜಂಬಿಟ್ಟಿಗೆಯ ಗಟ್ಟಿ ಹೊದಿಕೆ, ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದಾಗ ಇದು ಬೆಲ್ಲದ ಅಚ್ಚಿನಷ್ಟು ಗಟ್ಟಿ. ನೀರು ತಾಗಿದರೆ ಬೆಲ್ಲದಂತೆಯೇ ಕರಗುತ್ತದೆ. ಜಂಬಿಟ್ಟಿಗೆ ನೋಡಿ ಧೈರ್ಯ ಮಾಡಿ, ಅದನ್ನು ಕಡಿದು ಶೇಡಿಯನ್ನು ಮಳೆಗೆ ಒಡ್ಡಿದರೆ ಮುಗಿಯಿತು.

ನಾಲ್ಕನೆಯದನ್ನು ನಾವೇ ಮಾಡಿದ್ದು: ತುಂಬಿದ ಮಣ್ಣು. ಇದರ ಬಗ್ಗೆ ಆಮೇಲೆ.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸಕ್ಕೆ ಮಿಷನ್ ಬೇಡ, ಕಾಗದ ಸಾಕು. ಸೈಟಿನ ಹಳೆಯ ಪಹಣಿ ತೆಗೆಸಿ. ಖುಷ್ಕಿ ಅಂತ ಇದೆಯೋ, ತರಿ ಅಂತ ಇದೆಯೋ ನೋಡಿ. ತರಿ ಅಂದರೆ ಅಲ್ಲಿ ಗದ್ದೆ ಇತ್ತು, ನೀರು ನಿಲ್ಲುತ್ತಿತ್ತು, ಕೆಳಗೆ ಜೇಡಿ ಇದೆ ಅಂತಲೇ ಅಂದುಕೊಂಡು ಮುಂದುವರಿಯಿರಿ. ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ ಅಂಗಳ, ಕಾಲುವೆ ಎಲ್ಲಿ ಹಾದಿವೆ ನೋಡಿ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಸುಮಾರು ಚಿತ್ರ ಸಿಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತಿರುವಿ ಹಾಕಿ. ಲೇಔಟ್ ಆಗುವ ಮೊದಲು ಅಲ್ಲಿ ನೀರು ಮಿನುಗುತ್ತಿತ್ತಾ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಸೈಟು ಕೊಳ್ಳುವ ಮುಂಚೆಯೇ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ಕೊಂಡ ಮೇಲೆ ಗೊತ್ತಾದರೆ ಸುಮ್ನೆ ಹೊಟ್ಟೆಉರಿ.

ಆಮೇಲೆ ಸುತ್ತ ನಡೆದು ನೋಡಿ. ಅಕ್ಕಪಕ್ಕದ ಮನೆಗಳ ಕಾಂಪೌಂಡ್ ಬಿರಿದಿದೆಯಾ? ಲೈಟ್ ಕಂಬ ವಾಲಿದೆಯಾ? ಹತ್ತಿರ ಹಳೆಯ ತೋಡುಬಾವಿ ಇದ್ದರೆ ಒಳಗೆ ಬಗ್ಗಿ ನೋಡಿ, ಮಣ್ಣಿನ ಪದರಗಳು ಅಲ್ಲೇ ಕಾಣುತ್ತವೆ. ಆ ಮನೆಯ ಅಜ್ಜಿಯನ್ನು ಕೇಳಿ: "ಅಜ್ಜಿ, ಆಶ್ಲೇಷ ಮಳೇಲಿ ನೀರು ಎಲ್ಲಿವರೆಗೆ ಬರುತ್ತೆ?" ಬಾವಿಕಟ್ಟೆಯ ಯಾವ ಕಲ್ಲಿನ ತನಕ ಅಂತ ಅವರು ಬೆರಳು ಮಾಡಿ ತೋರಿಸುತ್ತಾರೆ. ಈ ಮಾಹಿತಿ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ.

ಮೂರನೆಯ ಕೆಲಸ, ಗುಂಡಿ. ಮಾಮೂಲಿ ಎರಡಂತಸ್ತಿನ ಮನೆಗೆ ಇದೇ ಅತಿ ಉಪಯೋಗದ ಪರೀಕ್ಷೆ. ಎಷ್ಟು ಆಳ? ಕಾಲಂ ಕೆಳಗೆ ಹಾಕುವ ಅಗಲವಾದ ಕಾಂಕ್ರೀಟ್ ಪಾದಕ್ಕೆ ಫೂಟಿಂಗ್ ಅನ್ನುತ್ತೇವೆ. ಫೂಟಿಂಗ್‌ನ ಭಾರ ಅದರ ತಳದಲ್ಲೇ ನಿಲ್ಲುವುದಿಲ್ಲ, ಕೆಳಗೆ ಹರಡಿಕೊಂಡು ಹೋಗುತ್ತದೆ. ಫೂಟಿಂಗ್ ಅಗಲದ ಒಂದೂವರೆಯಿಂದ ಎರಡು ಪಟ್ಟು ಆಳದವರೆಗೆ ಅದರ ಪ್ರಭಾವ ಇರುತ್ತದೆ. 5 ಅಡಿ ಆಳದಲ್ಲಿ 5 ಅಡಿ ಅಗಲದ ಫೂಟಿಂಗ್ ಕೂರಿಸುವವರಿಗೆ ಸುಮಾರು 12ರಿಂದ 15 ಅಡಿವರೆಗೆ ಏನಿದೆ ಅಂತ ಗೊತ್ತಿರಬೇಕು. ಐದಡಿ ತೋಡಿ, ತಳ ಗಟ್ಟಿಯಿದೆ ಅಂತ ನಿಲ್ಲಿಸಿದರೆ ಆರನೇ ಅಡಿಯಲ್ಲಿ ಮೆತ್ತನೆ ಜೇಡಿ ಇರುವುದು ಕಾಣುವುದೇ ಇಲ್ಲ.

ಜೆಸಿಬಿಯಲ್ಲಿ ತೋಡಿಸುವಾಗ ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಎಲ್ಲಾ ಒಟ್ಟಿಗೆ ಸುರಿಸಬೇಡಿ. ಎರಡೆರಡು ಅಡಿಗೆ ಒಂದೊಂದು ಗುಡ್ಡೆ ಹಾಕಿಸಿ. ಫೋಟೋ ತೆಗೆಯಿರಿ. ಗುಂಡಿಯನ್ನು ಕಾಲಂ ಬರುವ ಜಾಗದಲ್ಲಿ ತೋಡಿಸಬೇಡಿ, ಪಕ್ಕದಲ್ಲಿ ತೋಡಿಸಿ. ಇಲ್ಲದಿದ್ದರೆ ಆ ಒಂದು ಕಾಲಂ ಕೆಳಗಷ್ಟೇ ಸಡಿಲ ಮಣ್ಣು ಉಳಿಯುತ್ತದೆ. ಮತ್ತೆ ಒಂದು ಮಾತು, ಇದನ್ನು ಮೇಸ್ತ್ರಿಗಳು ಗಮನಿಸಬೇಕು. ಆಳುದ್ದ ಗುಂಡಿಯೊಳಗೆ ಯಾರನ್ನೂ ಸುಮ್ನೆ ಇಳಿಸಬೇಡಿ. ಗೋಡೆ ಜಾರುವ ಮುಂಚೆ ಸದ್ದು ಮಾಡುವುದಿಲ್ಲ. ಮೇಲಿಂದ ನೋಡಿದರೂ ಬಹಳಷ್ಟು ಗೊತ್ತಾಗುತ್ತದೆ.

ಮಣ್ಣಿನ ಪರಿಚಯಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಗಲ ಬಾಯಿಯ ಗಾಜಿನ ಬಾಟ್ಲಿಗೆ ಅರ್ಧದಷ್ಟು ಪುಡಿ ಮಾಡಿದ ಮಣ್ಣು, ಮೇಲೆ ನೀರು. ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಹೂಳು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಜೇಡಿ ಮರುದಿನವೂ ನೀರನ್ನು ಬಗ್ಗಡ ಮಾಡಿಕೊಂಡಿರುತ್ತದೆ. ಬಾಟ್ಲಿಯ ಪಕ್ಕದಿಂದ ನೋಡಿದರೆ ಪದರಗಳು ಅಳೆಯುವಷ್ಟು ಸ್ಪಷ್ಟ. ಜೇಡಿ ಜಾಸ್ತಿ ಕಂಡರೆ ಲ್ಯಾಬಿಗೆ ಕಳಿಸಿ, ಎಷ್ಟು ಉಬ್ಬುತ್ತದೆ ಅಂತ ನೋಡಿಸಿ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಣ್ಣಿನ ಲ್ಯಾಬ್ ಇರುತ್ತದೆ, ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಅಂಥ ಕಾಲೇಜುಗಳಿವೆ.

ನಮ್ಮ ಹಳೆಯ ವಾಸ್ತು ಗ್ರಂಥಗಳಲ್ಲೂ ಗುಂಡಿ ಪರೀಕ್ಷೆ ಇದೆ. ಮೊಳದಷ್ಟು ಗುಂಡಿ ತೋಡಿ, ಅದೇ ಮಣ್ಣನ್ನು ವಾಪಸ್ ತುಂಬು. ಮಣ್ಣು ಮಿಕ್ಕಿದರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಬಿಡು. ಒತ್ತಾಗಿರುವ ಮಣ್ಣು ಅಗೆದಾಗ ಅರಳುತ್ತದೆ, ಅದಕ್ಕೇ ಮಿಗುತ್ತದೆ. ಇನ್ನೊಂದು, ಗುಂಡಿಗೆ ನೀರು ತುಂಬಿಸಿ ನೂರು ಹೆಜ್ಜೆ ನಡೆದು ಬಂದು ನೀರು ಎಷ್ಟು ಇಳಿದಿದೆ ಅಂತ ನೋಡುವುದು. ಇವತ್ತು ನಾವು ವಾಸ್ತು ಅಂದರೆ ಬಾಗಿಲ ದಿಕ್ಕು ಮಾತ್ರ ಅಂದುಕೊಂಡಿದ್ದೇವೆ. ಬಾಗಿಲಿಗಿಂತ ಮುಂಚೆ ಬರುವ ಈ ಪುಟವನ್ನು ಯಾರೂ ಓದುವುದಿಲ್ಲ.

ಮೂರು ನಾಲ್ಕು ಅಂತಸ್ತು, ಕಲ್ಯಾಣ ಮಂಟಪ, ನೀರಿನ ಟ್ಯಾಂಕ್ ಇಂಥವಕ್ಕೆ ಗುಂಡಿ ಸಾಲದು, ಬೋರ್, ಅಂದರೆ ಮಣ್ಣು ಪರೀಕ್ಷೆಗೆಂದು ಆಳಕ್ಕೆ ಕೊರೆಯುವ ತೂತು, ಹಾಕಿಸಲೇಬೇಕು. ಎಷ್ಟು ಕಡೆ? ಭಾರತೀಯ ಮಾನಕ ಸಂಖ್ಯೆ ಐಎಸ್ 1892ರ ಪ್ರಕಾರ ಸುಮಾರು ಒಂದು ಎಕರೆಯ ಜಾಗಕ್ಕೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಚಿಕ್ಕ ಕಟ್ಟಡಕ್ಕೆ ನಡುವೆ ಒಂದಾದರೂ ಸಾಕು. ನಮ್ಮ ಗುಂಡುಕಲ್ಲಿನ ನೆಲದಲ್ಲಿ ಒಂದಕ್ಕೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡಾದರೂ ಇರಲಿ.

ಬೋರ್ ಒಳಗೆ ಮಾಡುವ ಪರೀಕ್ಷೆಗೆ ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್, ಚಿಕ್ಕದಾಗಿ ಎಸ್‌ಪಿಟಿ ಅನ್ನುತ್ತಾರೆ. 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಕೆಳಗಿನ ಕೊಳವೆ ಮೂರು ಸಲ 15 ಸೆಂ.ಮೀ. ಇಳಿಯಬೇಕು. ಮೊದಲ 15 ಲೆಕ್ಕಕ್ಕಿಲ್ಲ. ಉಳಿದ 30ಕ್ಕೆ ಎಷ್ಟು ಏಟು ಬಿತ್ತು ಅನ್ನುವುದೇ ಎನ್ ಸಂಖ್ಯೆ. ಮರಳು ನೆಲದಲ್ಲಿ 10ಕ್ಕಿಂತ ಕಡಿಮೆ ಬಂದರೆ ಸಡಿಲ, 30 ದಾಟಿದರೆ ಗಟ್ಟಿ. ವಿಧಾನ ಸರಳ, ಅದಕ್ಕೇ ಎಡವುವುದೂ ಸುಲಭ. ಸುತ್ತಿಗೆಯನ್ನು ಪೂರ್ತಿ ಎತ್ತದೆ ಬಿಟ್ಟರೆ ಏಟು ಜಾಸ್ತಿ ಬೀಳುತ್ತದೆ, ನೆಲ ಇರುವುದಕ್ಕಿಂತ ಗಟ್ಟಿ ಅಂತ ಕಾಗದಕ್ಕೆ ಬರುತ್ತದೆ. ಕೊಳವೆಗೆ ಒಂದು ಕಲ್ಲು ಅಡ್ಡ ಸಿಕ್ಕರೂ ಹಾಗೇ. ವರದಿಯಲ್ಲಿ ಎಲ್ಲ ಆಳದಲ್ಲೂ ಎನ್ ಚೆನ್ನಾಗಿ ಏರುತ್ತಾ ಹೋಗಿ, ಮಣ್ಣಿನ ವಿವರಣೆ ಮಾತ್ರ ಪ್ರತಿ ಸಾಲಿನಲ್ಲೂ ಒಂದೇ ಆಗಿದ್ದರೆ ನನಗೆ ಅನುಮಾನ. ನೀವು ಅವತ್ತು ಸೈಟಿನಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು ಏಟು ಎಣಿಸಿ. ಟೀ ತರಿಸಿಕೊಡಿ. ಅಷ್ಟಕ್ಕೇ ಕೆಲಸ ಸರಿಯಾಗಿ ನಡೆಯುತ್ತದೆ.

ವರದಿ ಕೈಗೆ ಬಂದಾಗ ಎಲ್ಲರೂ ಕೊನೆಯ ಪುಟಕ್ಕೆ ಹಾರಿ ಎಸ್‌ಬಿಸಿ ಎಷ್ಟು ಅಂತ ನೋಡುತ್ತಾರೆ. ಒಂದು ಚದರ ಮೀಟರ್ ನೆಲ ಸುರಕ್ಷಿತವಾಗಿ ಎಷ್ಟು ಟನ್ ತಾಳುತ್ತದೆ ಅನ್ನುವ ಅಂಕಿ ಅದು. ಅದಕ್ಕಿಂತ ಮೊದಲು ನೀವು ನೋಡಬೇಕಾದದ್ದು ಎರಡು: ಯಾವ ತಿಂಗಳಲ್ಲಿ ಬೋರ್ ಹಾಕಿದ್ದಾರೆ, ನೀರು ಎಷ್ಟು ಆಳದಲ್ಲಿ ಸಿಕ್ಕಿದೆ ಅಂತ ಬರೆದಿದ್ದಾರೆ. ಏಪ್ರಿಲ್ ತಿಂಗಳ ಬೋರ್, ನೀರು ಸಿಕ್ಕಿಲ್ಲ ಅಂತ ಇದ್ದರೆ, ಎಸ್‌ಬಿಸಿ ಲೆಕ್ಕ ಹಾಕುವಾಗ ಮಳೆಗಾಲದ ನೀರನ್ನು ಹಿಡಿದಿದ್ದೀರಾ ಅಂತ ಕೇಳಿ. ಇದು ನೀವು ಕೇಳಲೇಬೇಕಾದ ಪ್ರಶ್ನೆ.

ಮಣ್ಣು ಪರೀಕ್ಷೆಯೇ ಇಲ್ಲದ ಡ್ರಾಯಿಂಗುಗಳಲ್ಲಿ ಎಸ್‌ಬಿಸಿ 20 ಟನ್ ಅಂತ ಸುಮ್ನೆ ಅಚ್ಚು ಹಾಕಿರುವುದನ್ನು ನೀವೂ ನೋಡಿರುತ್ತೀರಿ. ಒಂದು ಕಾಲಂ ಮೇಲೆ 40 ಟನ್ ಭಾರ ಅಂದುಕೊಳ್ಳಿ. 20 ಟನ್ ತಾಳುವ ನೆಲಕ್ಕೆ 2 ಚದರ ಮೀಟರ್ ಫೂಟಿಂಗ್ ಬೇಕು, ಅಂದರೆ ಒಂದು ಬದಿಗೆ ಸುಮಾರು ನಾಲ್ಕೂಮುಕ್ಕಾಲು ಅಡಿ. ನೆನೆದ ನೆಲ 10 ಟನ್ ಮಾತ್ರ ತಾಳುತ್ತದೆ ಅಂದರೆ 4 ಚದರ ಮೀಟರ್ ಬೇಕು, ಬದಿಗೆ ಆರೂವರೆ ಅಡಿ. ವ್ಯತ್ಯಾಸ ಎರಡಡಿಗೂ ಕಡಿಮೆ. ಶುರುವಿನಲ್ಲೇ ಗೊತ್ತಾಗಿದ್ದರೆ ಸ್ವಲ್ಪ ಕಾಂಕ್ರೀಟು, ಸ್ವಲ್ಪ ಕಂಬಿ, ಅಷ್ಟೇ. ಮನೆ ಎದ್ದ ಮೇಲೆ ಗೊತ್ತಾದರೆ ಆ ಎರಡಡಿಯನ್ನು ಯಾವ ದುಡ್ಡಿಗೂ ಸುಲಭವಾಗಿ ಸೇರಿಸಲಾಗದು.

ಈ ವರ್ಷ ಸೈಟು ಕೊಂಡು ಮುಂದಿನ ವರ್ಷ ಕಟ್ಟುವವರಿಗೆ ನನ್ನದೊಂದು ಸಲಹೆ. ಪರೀಕ್ಷೆಯ ಬೋರ್ ಮುಚ್ಚಿಸುವ ಮೊದಲು ಅದರೊಳಗೆ ತೂತು ಹಾಕಿದ ಪಿವಿಸಿ ಪೈಪೊಂದನ್ನು ಇಳಿಸಿ, ಸುತ್ತ ಜಲ್ಲಿ ತುಂಬಿ, ಮೇಲಿನ ಒಂದೆರಡು ಅಡಿಯನ್ನು ಜೇಡಿಯಿಂದ ಬಿಗಿಮಾಡಿ ಕ್ಯಾಪ್ ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ಬರೆದಿಡಿ. ಖರ್ಚು ಇಲ್ಲವೆಂದರೂ ನಡೆಯುತ್ತದೆ. ಮುಂದಿನ ಯುಗಾದಿಗೆ ಪಾಯ ತೋಡುವಾಗ ನಿಮ್ಮ ಕೈಯಲ್ಲಿ ಪುಷ್ಯ ಮಳೆಯ ಲೆಕ್ಕ ಇರುತ್ತದೆ.

ಇನ್ನು ಮಲೆನಾಡು. ಇಲ್ಲಿ ಮನೆಯ ಕೆಳಗಿನ ನೆಲದಷ್ಟೇ ಮನೆಯ ಹಿಂದಿನ, ಮೇಲಿನ ನೆಲವನ್ನೂ ನೋಡಬೇಕು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಗೊತ್ತು. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ಆಚೆ ರೈಲು ಹಳಿಯ ಪಕ್ಕದ ಮಣ್ಣು ಜಾರಿ ಹಲವು ದಿನ ರೈಲು ನಿಂತವು. ಅದೇ ಹೊತ್ತಿಗೆ ಶಿರಾಡಿ ಘಾಟಿಯ ಹೆದ್ದಾರಿಗೂ ಗುಡ್ಡ ಇಳಿಯಿತು. ತಿಂಗಳು ಗಮನಿಸಿ, ಜುಲೈ, ಆಗಸ್ಟ್. ಫೆಬ್ರವರಿಯಲ್ಲಿ ನೆಟ್ಟಗೆ ನಿಂತಿದ್ದ ಧರೆಗಳೇ ಇವು.

ಹೋಂಸ್ಟೇ ಕಟ್ಟುವವರು ಮಾಡುವ ಮೊದಲ ಕೆಲಸ ಜೆಸಿಬಿ ತಂದು ಗುಡ್ಡ ಕಡಿದು ಸಮತಟ್ಟು ಮಾಡುವುದು. ಹಿಂದೆ ಇಪ್ಪತ್ತಡಿ ನೆಟ್ಟನೆ ಧರೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ. ಅರ್ಧ ಮನೆ ಮೂಲ ನೆಲದ ಮೇಲೆ, ಅರ್ಧ ಮನೆ ತಳ್ಳಿದ ಮಣ್ಣಿನ ಮೇಲೆ. ನೋಟ ಚೆನ್ನಾಗಿ ಕಾಣಲಿ ಅಂತ ಬೆಡ್‌ರೂಮನ್ನು ಸರಿಯಾಗಿ ಆ ತಳ್ಳಿದ ಮಣ್ಣಿನ ಕಡೆಗೇ ಇಡುತ್ತಾರೆ! ಇಂಥ ಜಾಗದಲ್ಲಿ ಪರೀಕ್ಷೆ ಅಂದರೆ ಗುಡ್ಡ ಹತ್ತಿ ನೋಡುವುದು. ಮೇಲೆ ಅಡ್ಡಡ್ಡ ಬಿರುಕು ಇದೆಯಾ? ಮರಗಳ ಬುಡ ಬಾಗಿ ಮೇಲೆ ನೆಟ್ಟಗಾಗಿವೆಯಾ? ಅಂದರೆ ನೆಲ ನಿಧಾನವಾಗಿ ಜಾರುತ್ತಿರಬಹುದು. ಮಳೆಗಾಲದಲ್ಲಿ ಊಟೆ, ಅಂದರೆ ನೆಲದಿಂದ ಉಕ್ಕುವ ನೀರು, ಎಲ್ಲಿ ಏಳುತ್ತದೆ? ಇದನ್ನು ತೋಟದ ಆಳುಗಳನ್ನು ಕೇಳಿ, ಮಾಲೀಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ಭೂಕುಸಿತದ ಅಪಾಯವಿರುವ ಜಾಗಗಳ ನಕ್ಷೆ ಇದೆ, ಅದನ್ನೂ ನೋಡಿ. ಮತ್ತೆ, ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ. ಅದನ್ನೇ ಇಲ್ಲಿ ಮನೆಯ ಹಿಂದಿನ ಧರೆಯ ಮೇಲೆ ತೋಡಿಸಿದರೆ ಜಾರುವ ಮಣ್ಣಿಗೆ ನೀವೇ ನೀರು ಕುಡಿಸಿದಿರಿ. ಧರೆಯ ತಲೆಯ ಮೇಲಿನ ನೀರನ್ನು ಬಸಿಗಾಲುವೆ ಮಾಡಿ ಪಕ್ಕಕ್ಕೆ ಹರಿಸಬೇಕು.

ಇಷ್ಟು ನನ್ನ ಮಾತು. ಈಗ ಪ್ರಶ್ನೆಗಳು.

ಒಬ್ಬ ಮಹಿಳೆ ಕೇಳಿದರು: "ನಾವು ಆಗಲೇ ಲೇಔಟಿನಲ್ಲಿ ಸೈಟು ತಗೊಂಡಾಗಿದೆ. ಮೊದಲು ಗದ್ದೆಯಂತೆ, ನಾಲ್ಕಡಿ ಮಣ್ಣು ತುಂಬಿಸಿದ್ದಾರೆ. ಈಗೇನು ಮಾಡೋದು?"

ಗಾಬರಿ ಬೇಡಮ್ಮ. ಗದ್ದೆಯಲ್ಲೂ ಮನೆ ನಿಲ್ಲುತ್ತದೆ. ಆದರೆ ತುಂಬಿದ ಮಣ್ಣನ್ನು ನೆಲ ಅಂತ ಲೆಕ್ಕ ಹಿಡಿಯಬೇಡಿ. ರೋಲರ್ ಹಾಕಿ ಪದರ ಪದರವಾಗಿ ಒತ್ತಿದ್ದರೆ ಒಂದು ಮಾತು. ಟಿಪ್ಪರ್‌ನಲ್ಲಿ ತಂದು ಸುರಿದದ್ದಾದರೆ ಅದರಲ್ಲಿ ಒಡೆದ ಇಟ್ಟಿಗೆ, ಪ್ಲಾಸ್ಟಿಕ್, ಮರದ ಬೇರು ಎಲ್ಲಾ ಇರುತ್ತವೆ. ಅದು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ನಾಲ್ಕಡಿ ತುಂಬಿದ್ದು, ಅದರ ಕೆಳಗಿನ ಗದ್ದೆಯ ಕೆಸರು, ಎರಡನ್ನೂ ದಾಟಿ ಮೂಲ ನೆಲ ಎಲ್ಲಿ ಸಿಗುತ್ತದೆ ಅಂತ ಮೊದಲು ಗುಂಡಿ ತೋಡಿ ನೋಡಿ. ಏಳೆಂಟು ಅಡಿಯಲ್ಲಿ ಗರಸು ಸಿಕ್ಕರೆ ಫೂಟಿಂಗನ್ನು ಅಲ್ಲಿಗೇ ಇಳಿಸಿ. ಇನ್ನೂ ಆಳ ಅಂದರೆ ಪೈಲ್ ಮಾಡುವುದೋ, ಇಡೀ ಮನೆಯ ಕೆಳಗೆ ಒಂದೇ ಕಾಂಕ್ರೀಟ್ ಹಾಸು (ರಾಫ್ಟ್) ಹಾಕುವುದೋ ಅಂತ ಎಂಜಿನಿಯರ್ ಜೊತೆ ಕೂತು ಲೆಕ್ಕ ಹಾಕಿ. ಸಂಪು ಮತ್ತು ಮೆಟ್ಟಿಲನ್ನು ಮರೆಯಬೇಡಿ. ಮನೆಯನ್ನು ಆಳಕ್ಕೆ ಇಳಿಸಿ, ಇವೆರಡನ್ನು ಭರ್ತಿ ಮಣ್ಣಿನ ಮೇಲೇ ಬಿಟ್ಟರೆ ಮೊದಲ ಮಳೆಗಾಲಕ್ಕೇ ಮೆಟ್ಟಿಲು ಮನೆಯಿಂದ ಬಿಟ್ಟುಕೊಳ್ಳುತ್ತದೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು: "ನಮ್ಮ ಸೈಟಲ್ಲಿ ಬೋರ್‌ವೆಲ್ ಕೊರೆಸಿದೀವಿ ಸಾರ್. ನಲವತ್ತಡಿಗೆ ಬಂಡೆ ಅಂದ್ರು. ಮತ್ತೆ ಸಾಯಿಲ್ ಟೆಸ್ಟ್ ಯಾಕೆ?"

ಬೋರ್‌ವೆಲ್ ಲಾರಿಯವರು ಗಾಳಿಯ ಒತ್ತಡದಲ್ಲಿ ಮಣ್ಣನ್ನು ಪುಡಿ ಮಾಡಿ ಮೇಲಕ್ಕೆ ಊದುತ್ತಾರೆ. ಮೊದಲ ಹತ್ತು ಹದಿನೈದು ಅಡಿ ಅವರಿಗೆ ನಿಮಿಷಗಳ ಕೆಲಸ. ನಿಮ್ಮ ಮನೆ ನಿಲ್ಲುವುದು ಆ ಹದಿನೈದು ಅಡಿಯ ಮೇಲೆಯೇ, ಅಲ್ಲಿ ಮಣ್ಣು ಎಷ್ಟು ಒತ್ತಾಗಿತ್ತು ಅಂತ ಊದಿಬಂದ ಪುಡಿಯಿಂದ ಗೊತ್ತಾಗುವುದಿಲ್ಲ. ಹಾಗಂತ ಅದು ದಂಡವಲ್ಲ. ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲು ಸಿಗುವ ತನಕ ಇಳಿಸುತ್ತಾರಲ್ಲ, ಆ ಅಡಿ ಬಹಳ ಉಪಯುಕ್ತ. ನಿಮ್ಮ ಸುತ್ತಲಿನ ನಾಲ್ಕು ಮನೆಗಳ ಕೇಸಿಂಗ್ ಎಷ್ಟೆಷ್ಟು ಇಳಿದಿದೆ ಅಂತ ಕೇಳಿ ಕಾಗದದ ಮೇಲೆ ಗುರುತು ಹಾಕಿ. ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಎಪ್ಪತ್ತು ಇದ್ದರೆ ಕೆಳಗಿನ ಬಂಡೆ ಇಳಿಜಾರಾಗಿದೆ, ಇಲ್ಲವೇ ನಡುವೆ ಗುಂಡುಗಳಿವೆ ಅಂತ ಮೊದಲೇ ಎಚ್ಚರವಾಗಬಹುದು. ಬಿಲ್ ನೋಡಿ ಮಾತ್ರ ಬರೆದುಕೊಳ್ಳಬೇಡಿ. ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು ತಾನೆ? ಅವತ್ತು ಲಾರಿಯ ಪಕ್ಕ ನಿಂತು ಪೈಪು ಎಣಿಸಿದವರನ್ನು ಕೇಳಿ.